ಟೊಲುಯೀನ್ ಹಾಕಿದರೆ ಕಲ್ಚರ್ ಉಳಿಯುತ್ತಿಲ್ಲ, ಅನುಭವ ಇದ್ದವರು ಹೇಳಿ

ಎಂಎಸ್ಸಿ ವಿದ್ಯಾರ್ಥಿನಿ: ಪ್ರಾಜೆಕ್ಟಿಗೆ ಸ್ಯೂಡೋಮೊನಾಸ್ ಪುಟಿಡಾ ಎಂಬ ಬ್ಯಾಕ್ಟೀರಿಯಾದ ಕೆಟಿ2440 ಸ್ಟ್ರೇನ್ (ತಳಿ) ಬೆಳೆಸುತ್ತಿದ್ದೇನೆ. ಟೊಲುಯೀನ್ ದ್ರಾವಕವನ್ನು ಶೇ. 0.3 ಹಾಕಿದರೆ ಮರುದಿನ ಒಂದು ಕಾಲೊನಿಯೂ ಇಲ್ಲ. ಬೇರೆ ಸ್ಟ್ರೇನ್ ತರಿಸಲೋ, ಮಣ್ಣಲ್ಲಿ ಹುಡುಕಲೋ?

ಮಣ್ಣಿನವನು: ಹುಡುಕಿ. ನಾನು ಗ್ಯಾರೇಜ್ ಹಿಂದಿನ ಎಣ್ಣೆ ಮಣ್ಣಿನಿಂದಲೇ ತೆಗೆದೆ. ಖರ್ಚೆಲ್ಲ ಗಾಜಿಗೆ. ಪ್ಲಾಸ್ಟಿಕ್ ಪ್ಲೇಟ್ ಟೊಲುಯೀನಿಗೆ ಕರಗಿ ಅಂಟಾಯಿತು. ರಬ್ಬರ್ ಬಿರಡೆ ಉಬ್ಬಿಕೊಂಡಿತು. ಗಾಜಿನ ಪ್ಲೇಟ್, ಟೆಫ್ಲಾನ್ ಮುಚ್ಚಳದ ಬಾಟಲಿಗೆ 11,400 ರೂಪಾಯಿ ಕೈಯಿಂದ ಹಾಕಿದೆ. ಬಿಲ್ ಇನ್ನೂ ಪಾಸಾಗಿಲ್ಲ. ಆದರೂ ಸ್ಟ್ರೇನ್ ನನ್ನದು.

ಪಂಪ್ ಪಕ್ಷ: ನಿಮ್ಮದು ಸರಿ, ಅದರ ಪೊರೆಯಲ್ಲಿ ವಿಷ ಹೊರಹಾಕುವ ಯಾವ ಪಂಪ್ ಇದೆ ಗೊತ್ತಾ ಸರ್? ನಾನು ಡಾಟ್-ಟಿ1ಇ ತರಿಸಿದೆ. ಸ್ಪೇನಿನ ಗ್ರಾನಡಾದ ಕೊಳಚೆ ನೀರಿನ ಘಟಕದಲ್ಲಿ ಸಿಕ್ಕ ಪುಟಿಡಾ ಸ್ಟ್ರೇನ್. ಸಹಿ, ಕಸ್ಟಮ್ಸ್ ಎಂದು ಒಂದು ಸೆಮಿಸ್ಟರ್ ಹೋಯಿತು, ಹೋಗಲಿ. ಟೊಲುಯೀನನ್ನು ಹೊರಗೆ ದಬ್ಬಲು ಅದಕ್ಕೆ ಮೂರು ಪಂಪ್ ಇವೆ. ಮುಖ್ಯವಾದ ಟಿಟಿಜಿಜಿಎಚ್‌ಐ ಪಂಪಿನ ಜೀನ್‌ಗಳು ಪ್ಲಾಸ್ಮಿಡ್ಡಿನಲ್ಲಿವೆ, ಅಂದರೆ ಕ್ರೋಮೊಸೋಮಿನಿಂದ ಬೇರೆಯಾದ ಡಿಎನ್ಎ ಉಂಗುರದಲ್ಲಿ. ಕೆಟಿ2440ಗೆ ಅದಿಲ್ಲ.

ಪೊರೆ ಪಿಎಚ್‌ಡಿ: ಸುಮ್ನೆ ಪಂಪ್ ಪಂಪ್ ಎನ್ನಬೇಡಿ. ಟೊಲುಯೀನ್ ತಗುಲಿದ ನಿಮಿಷಗಳಲ್ಲೇ ಸಿಟಿಐ ಎನ್‌ಜೈಮ್ ಪೊರೆಯಲ್ಲಿನ ಸಿಸ್ ರೂಪದ ಕೊಬ್ಬಿನಾಮ್ಲವನ್ನು ಟ್ರಾನ್ಸ್ ರೂಪಕ್ಕೆ ತಿರುಗಿಸುತ್ತದೆ. ಬಾಗಿದ ಸರಪಳಿ ನೆಟ್ಟಗಾಗಿ ಪೊರೆ ಬಿಗಿಯಾಗುತ್ತದೆ. ಎಟಿಪಿ (ಕೋಶದ ಇಂಧನ) ಬೇಡ, ಹೊಸ ಪ್ರೋಟೀನೂ ಬೇಡ. ನಿಮ್ಮ ಪಂಪ್ ಓಡುವುದು ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದಿಂದ ಬರುವ ಬಲದ ಮೇಲೆ. ಪೊರೆ ಸೋರಿದರೆ ಆ ಬಲ ಎಲ್ಲಿಂದ ಬರುತ್ತದೆ? ಈ ಸಿಸ್-ಟ್ರಾನ್ಸ್ ಅಳೆಯಲು ನಾನು ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಕಾಲಂ ಒಂದಕ್ಕೇ 38,000 ಕೊಟ್ಟಿದ್ದೇನೆ.

ಪಂಪ್ ಪಕ್ಷ: ಸಿಟಿಐ ಕೆಡಿಸಿದ ಸ್ಟ್ರೇನೂ ಬದುಕುತ್ತದೆ ಮೇಡಂ. ಪಂಪ್ ಕೆಡಿಸಿ ನೋಡಿ.

ಪೊರೆ ಪಿಎಚ್‌ಡಿ: ಬದುಕುತ್ತದೆ, ಆದರೆ ಕಡಿಮೆ. ಗ್ರಾಫ್ ಪೂರ್ತಿ ನೋಡಿ ಮಾತಾಡಿ.

ಲ್ಯಾಬ್ ಅಕ್ಕ: ಹುಡುಗಿ ಕೇಳಿದ್ದೇನು, ನೀವು ಹೇಳುತ್ತಿರುವುದೇನು? ಒಮ್ಮೆಲೇ ಸುರಿಯಬೇಡಮ್ಮ. ಹಿಂದಿನ ರಾತ್ರಿ ಟೊಲುಯೀನ್ ಆವಿಯಲ್ಲಿ ಬೆಳೆಸು. ಡಾಟ್-ಟಿ1ಇ ಕೂಡ ಆವಿ ಕಂಡಿದ್ದರೆ 0.3ಕ್ಕೆ ಬಹುಪಾಲು ಉಳಿಯುತ್ತದೆ, ಇಲ್ಲದಿದ್ದರೆ ಬಹುತೇಕ ಸಾಯುತ್ತದೆ. ಕೆಟಿ2440 ಆದರೆ ಇನ್ನೂ ಕಡಿಮೆಯಿಂದ ಶುರು ಮಾಡು. ಮೀಡಿಯಾದಲ್ಲಿ ಮೆಗ್ನೀಷಿಯಂ ಕಡಿಮೆ ಮಾಡಬೇಡ, ಹೊರಪೊರೆಗೆ ಅದು ಬೇಕು.

ಮಣ್ಣಿನವನು: ಆವಿ ಅಂತೆ! ನಮ್ಮ ಕಾರಿಡಾರೆಲ್ಲ ನಾತ ಹೊಡೆದು ಪಕ್ಕದ ಲ್ಯಾಬಿನವರು ದೂರು ಕೊಟ್ಟರು.

ಲ್ಯಾಬ್ ಅಕ್ಕ: ಫ್ಯೂಮ್ ಹುಡ್ ಇಲ್ಲದೆ ಮಾಡಿದಿರಾ? ಬೆಂಕಿ ಹತ್ತುವ ವಸ್ತು ಅದು. ಪಕ್ಕದವರು ಕೊಟ್ಟ ದೂರು ಸರಿಯಾಗೇ ಇದೆ.