ಓದುಗರ ಸ್ಪಂದನ: ಅಪ್ಪನ ಬಿಗಿದ ಮುಷ್ಟಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ತಂದೆಗೆ 64 ವರ್ಷ, ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳು. ಬಲಗೈ ಸೊರಗಿದೆ, ಭುಜ ನೋಯುತ್ತದೆ, ಮುಷ್ಟಿ ಬಿಡಿಸಲು ಹೋದರೆ ಕಿರುಚುತ್ತಾರೆ. ನನ್ನ ತಮ್ಮ ಅವರಿಂದ ರಬ್ಬರ್ ಚೆಂಡು ಹಿಸುಕಿಸುತ್ತಾನೆ. ಬಲಗೈ ಹಿಡಿದೇ ಎಬ್ಬಿಸುತ್ತೇವೆ. ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ. ಬಿಗಿತ ಇಳಿಸುವ ಬ್ಯಾಕ್ಲೋಫೆನ್ ಮಾತ್ರೆಯಿಂದ ನಿದ್ದೆ ಬರುತ್ತದೆಂದು ಅದನ್ನು ನಿಲ್ಲಿಸಿದ್ದೇವೆ. ಮೊದಲ ದಿನವೇ ನಡೆಸಲಿಲ್ಲವೆಂಬ ಕೊರಗೂ ಇದೆ. "ಆರು ತಿಂಗಳಾದ ಮೇಲೆ ಏನೂ ಆಗದು, ಎಣ್ಣೆ ತಿಕ್ಕಿದರೆ ಸಾಕು" ಎನ್ನುತ್ತಾರೆ ನೆಂಟರು. ವ್ಯಾಯಾಮ ಬಿಡಬಹುದೇ? ಓದುಗರು ಬರೆದ ಉತ್ತರಗಳು ಇಲ್ಲಿವೆ, ಕೆಳಗೆ ಅವರವರ ಊರು. ಮೊದಲ ಪತ್ರ ಉದ್ದವಿದೆ, ಕತ್ತರಿಸಲಿಲ್ಲ.

ತಂಗೀ, "ಕಿರುಚುತ್ತಾರೆ" ಎಂಬ ಮಾತು ಓದಿ ಪತ್ರಿಕೆ ಮಡಚಿಟ್ಟೆ. ಕಾರಣ ಬೇಡ, ಕೈಯ ವಿಷಯ ಮಾತ್ರ ಬರೆಯುತ್ತೇನೆ.

ಮೊದಲು ಆ ಚೆಂಡು ಎತ್ತಿಡಿ. ಅಪ್ಪನ ಕೈಯಲ್ಲಿ ಬೆರಳು ಮಡಚುವ ಸ್ನಾಯುಗಳು ಬಿಗಿದಿವೆ, ಚಾಚುವ ಸ್ನಾಯುಗಳು ಸೋತಿವೆ. ಅವರು ಕಲಿಯಬೇಕಾದದ್ದು ಬಿಡುವುದನ್ನು, ಹಿಡಿಯುವುದನ್ನಲ್ಲ.

ಮುಷ್ಟಿ ಬಿಡಿಸುವಾಗ ಬೆರಳ ತುದಿ ಹಿಡಿದು ಎತ್ತಬೇಡಿ. ಈ ಬಿಗಿತ ವೇಗಕ್ಕೆ ಕೆರಳುತ್ತದೆ; ಫಕ್ಕನೆ ಎಳೆದರೆ ಸ್ನಾಯು ಎದುರು ಎಳೆಯುತ್ತದೆ. ಮೇಜಿನ ಎದುರು ಕೂರಿಸಿ, ಮೊಣಕೈ ಕೆಳಗೆ ತಲೆದಿಂಬು ಇಡಿ. ಮಣಿಕಟ್ಟನ್ನು ಅಂಗೈ ಕಡೆಗೆ ಇನ್ನಷ್ಟು ಬಗ್ಗಿಸಿ. ಆಗ ಬೆರಳುಗಳನ್ನು ಎಳೆದಿಟ್ಟ ಸ್ನಾಯುರಜ್ಜುಗಳು ಸಡಿಲವಾಗುತ್ತವೆ. ಹೆಬ್ಬೆರಳನ್ನು ಬುಡದ ದಪ್ಪ ಮಾಂಸದಲ್ಲಿ ಹಿಡಿದು ಮೆಲ್ಲನೆ ಹೊರಗೆ ತನ್ನಿ. ಉಳಿದ ಬೆರಳು ಹಿಂದೆಯೇ ಸಡಿಲುತ್ತವೆ. ಬೆರಳು ಬಿಡಿಸಿದ ಮೇಲೆ ಮಣಿಕಟ್ಟನ್ನು ನಿಧಾನಕ್ಕೆ ಮೇಲೆತ್ತಿ, ಅರ್ಧ ನಿಮಿಷದಿಂದ ಒಂದು ನಿಮಿಷ ಹಿಡಿದಿರಿ. ಐದು ಸಲ, ದಿನಕ್ಕೆ ಮೂರು ಹೊತ್ತು. ತೆರೆದ ಅಂಗೈಯನ್ನು ತೊಳೆದು ಪೂರ್ತಿ ಒಣಗಿಸಿ, ಉಗುರು ಕತ್ತರಿಸಿ. ಮುಚ್ಚಿದ ಮುಷ್ಟಿಯೊಳಗೆ ಬೆವರು ನಿಂತು ಚರ್ಮ ಬಿಳುಚಿ ಹುಣ್ಣಾಗುತ್ತದೆ.

ನಿಧಾನಕ್ಕೆ ಎಳೆದಾಗ ಪೂರ್ತಿ ಬಿಡಿಸಿಕೊಂಡರೆ ಅದು ಬಿಗಿತ. ಎಷ್ಟು ನಿಧಾನ ಮಾಡಿದರೂ ಒಂದು ಕಡೆ ಹಗ್ಗದಂತೆ ತಡೆದರೆ ಸ್ನಾಯುವೇ ಗಿಡ್ಡವಾಗಿದೆ, ಎಳೆಗಳ ನಡುವೆ ನಾರು ಬೆಳೆದಿದೆ. ಎರಡಕ್ಕೂ ಮದ್ದು ಬೇರೆ. ಬಿಗಿತಕ್ಕೆ ಬೊಟುಲಿನಂ ಚುಚ್ಚುಮದ್ದು ಇದೆ, ಸುಮಾರು ಮೂರು ತಿಂಗಳು ಬರುತ್ತದೆ; ಆ ಮೂರು ತಿಂಗಳು ಕೈಯನ್ನು ದುಡಿಸದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಗಿಡ್ಡವಾದ ಸ್ನಾಯುವನ್ನು ಅದು ಉದ್ದ ಮಾಡುವುದಿಲ್ಲ. ಹಾಗಾಗಿದ್ದರೆ ಸ್ಪ್ಲಿಂಟ್ (ಕೈಯನ್ನು ಚಾಚಿ ಹಿಡಿದಿಡುವ ಪಟ್ಟಿ) ಬಗ್ಗೆ ಡಾಕ್ಟರಲ್ಲಿ ಕೇಳಿ, ಕಾಯಬೇಡಿ.

ಎಣ್ಣೆ ತಿಕ್ಕಿ, ಹಿತವಾಗುತ್ತದೆ. ಆದರೆ ಕೈ ಸೊರಗಿದ್ದು ಕೆಲಸವಿಲ್ಲದೆ. ತುಂಬಬೇಕಾದರೂ ಕೆಲಸವೇ ಬೇಕು. ಬಿಸಿನೀರಿನ ಚೀಲ ಮಾತ್ರ ಬೇಡ, ಸುಡುವುದು ಆ ಕೈಗೆ ಗೊತ್ತಾಗದಿರಬಹುದು. ಆರು ತಿಂಗಳ ಮಾತೋ? ಮೊದಲ ಮೂರು ತಿಂಗಳು ಚೇತರಿಕೆ ಚುರುಕು, ಆಮೇಲೆ ನಿಧಾನ. ನಿಧಾನ ಎಂದರೆ ಇಲ್ಲ ಎಂದಲ್ಲ.
— ಕುಂಬಳೆ

"ಬಲಗೈ ಹಿಡಿದೇ ಎಬ್ಬಿಸುತ್ತೇವೆ" ಎಂದು ಬರೆದಿದ್ದೀರಿ. ಇವತ್ತೇ ನಿಲ್ಲಿಸಿ. ಸೋತ ಸ್ನಾಯು ಭುಜದ ಕೀಲನ್ನು ಹಿಡಿದಿಡಲಾರದು, ಎಳೆದರೆ ಜಾರುತ್ತದೆ. ಸೊಂಟಕ್ಕೆ ಅಗಲದ ಬಟ್ಟೆ ಪಟ್ಟಿ ಕಟ್ಟಿ ಅದನ್ನು ಹಿಡಿಯಿರಿ.
— ಮಂಜೇಶ್ವರ

(ಮಾತು ಖಾರ, ವಿಷಯ ಸರಿ. ಹೀಗೆ ಎಬ್ಬಿಸುವುದು ಹೆಚ್ಚಿನ ಮನೆಗಳ ವಾಡಿಕೆ. ಈ ಮಗಳೊಬ್ಬಳ ತಪ್ಪಲ್ಲ. – ಸಂ.)

ಮೊದಲ ದಿನವೇ ನಡೆಸಲಿಲ್ಲವೆಂದು ಕೊರಗಬೇಡಿ. 2104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನದಲ್ಲಿ, 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ವ್ಯಾಯಾಮ ಮಾಡಿಸಿದವರ ಸ್ಥಿತಿ ಮೂರು ತಿಂಗಳ ಹೊತ್ತಿಗೆ ಉಳಿದವರಿಗಿಂತ ಉತ್ತಮವಾಗಿರಲಿಲ್ಲ, ಹಿಂದೆಯೇ ಬಿದ್ದಿತ್ತು.
— ಕಾಸರಗೋಡು

(ಕೈ ಬಗ್ಗೆ ಕೇಳಿದ್ದಕ್ಕೆ ಊಟದ ಉತ್ತರ. ಬಿಡಲು ಮನಸ್ಸಾಗಲಿಲ್ಲ. – ಸಂ.)

ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಸ್ನಾಯು ಎಲ್ಲಿಂದ ಬರಬೇಕು? 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಡಾಕ್ಟರ ಲೆಕ್ಕವೇ ಲೆಕ್ಕ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಒಣ ಹುರುಳಿಯಲ್ಲಿ 22ರಷ್ಟು, ಬಂಗುಡೆಯಲ್ಲಿ 20ರ ಹತ್ತಿರ. ಉಪ್ಪಿನಕಾಯಿ, ಒಣಮೀನು ಬಿಡಿ. ರಕ್ತದೊತ್ತಡ ಏರಿದರೆ ಇನ್ನೊಂದು ಸ್ಟ್ರೋಕಿಗೆ ದಾರಿ. ಉಣ್ಣುವಾಗ ಕೆಮ್ಮು ಬಂದರೆ, ಸ್ವರ ಗುಳುಗುಳು ಎಂದರೆ ನುಂಗುವ ಸ್ನಾಯುಗಳೂ ಸೋತಿರಬಹುದು, ತೋರಿಸಿ. ತೆಳಿಯೊಂದು ಕಡೆ ಅಗುಳೊಂದು ಕಡೆ ಇರುವ ಗಂಜಿ ಅಂಥವರಿಗೆ ಅಪಾಯ. ಅರೆದು ಮಂದ ಮಾಡಿ. ನೆಟ್ಟಗೆ ಕೂರಿಸಿ ಉಣಿಸಿ, ಉಂಡು ಅರ್ಧ ಗಂಟೆ ಮಲಗಿಸಬೇಡಿ.
— ಪೆರ್ಲ

ನಿದ್ದೆ ಬರುತ್ತದೆಂದು ಬ್ಯಾಕ್ಲೋಫೆನ್ ಮಾತ್ರೆ ನಿಲ್ಲಿಸಿದ್ದೀರಂತೆ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಇಂದೇ ಡಾಕ್ಟರಿಗೆ ಹೇಳಿ.
— ಉಪ್ಪಳ

ಕಸರತ್ತು ಮಾಡಿಸುವವರು "ಮಡಕ್ಕ್, ನಿವರ್ತ್ತ್" ಎಂದು ಮಲಯಾಳದಲ್ಲಿ ಹೇಳಿ, ಹಿರಿಯರು ತಡವರಿಸಿದರೆ ತಿಳಿವಳಿಕೆಯೇ ಹೋಗಿದೆ ಎಂದುಕೊಳ್ಳುವುದುಂಟು. ಬಲಭಾಗ ಬಿದ್ದವರಲ್ಲಿ ಪೆಟ್ಟು ಎಡಮಿದುಳಿಗೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರವೂ ಅಲ್ಲೇ. ಮನೆಮಾತಿನಲ್ಲಿ ಒಂದೇ ಪದ, ಜೊತೆಗೊಂದು ಸನ್ನೆ: "ಮಡಚಿ." ಹತ್ತು ಸೆಕೆಂಡು ಕಾಯಿರಿ. ಆಮೇಲೆ "ಬಿಡಿಸಿ." ಪಂಚಾಯತಿನ ಪಾಲಿಯೇಟಿವ್ (ಮನೆ ಆರೈಕೆ) ತಂಡ ಮನೆಗೆ ಬರುತ್ತದೆ, ಕಸರತ್ತಿಗೆ ಯಾರಾದರೂ ಸಿಗುವರೇ ಎಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿ.
— ಮುಳ್ಳೇರಿಯ

(ಕೊನೆಯ ಪತ್ರ. ನಾಳೆ ಬೆಳಗ್ಗೆಯೇ ಶುರುಮಾಡಬಹುದಾದದ್ದು. – ಸಂ.)

ಚೆಂಡಿನ ಬದಲು ಇಪ್ಪತ್ತು ಸಿಪ್ಪೆಗೋಟು (ಸುಲಿಯದ ಒಣ ಅಡಿಕೆ) ಕೊಡಿ. ಎಡಕ್ಕೊಂದು ತಟ್ಟೆ, ಬಲಕ್ಕೊಂದು ಸ್ಟೀಲ್ ಪಾತ್ರೆ. ಬಲಗೈಯಲ್ಲಿ ಒಂದು ಹಿಡಿದು ದಾಟಿಸಿ, ಪಾತ್ರೆಗೆ ಬಿಡಬೇಕು. ಬೆರಳು ತೆರೆಯದಿದ್ದರೆ ಎಡಗೈ ನೆರವು ಕೊಡಲಿ. ಅದೂ ಆಗದಿದ್ದರೆ ಬಲಗೈ ಕೆಳಗೆ ಬೈರಾಸು (ಟವೆಲ್) ಹಾಕಿ ಮೇಜಿನ ಮೇಲೆ ಮುಂದಕ್ಕೆ ಹಿಂದಕ್ಕೆ ಇಪ್ಪತ್ತು ಸಲ ಜಾರಿಸಲಿ. ಸುಧಾರಿಸಿದ ಮೇಲೆ ಸುಲಿದ ಅಡಿಕೆ. ಸಣ್ಣದು, ಹೆಚ್ಚು ಕಷ್ಟ. ಭುಜ ಕಿವಿಯತ್ತ ಏರತೊಡಗಿದರೆ ಕೈ ದಣಿದಿದೆ, ನಿಲ್ಲಿಸಿ. ಎತ್ತಿದ್ದನ್ನು ಎಣಿಸಬೇಡಿ, ಪಾತ್ರೆಯಲ್ಲಿ ಟಣ್ ಎಂದದ್ದನ್ನು ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಅಡಿಕೆ ಸುಲಿಯುವ ಮೆಟ್ಟುಕತ್ತಿ ಹತ್ತಿರದಲ್ಲಿ ಇರಬಾರದು.
— ಬಾಯಾರು