ಪೆರ್ಲದ ಮನೆಯಿಂದ ಬ್ರಿಟನ್ ಗ್ರಾಹಕರ ಕಾಲ್: ಧ್ವನಿ ಕಡಿಯದಿರಲು ಏನು ಮಾಡಬೇಕು?

ಪ್ರಶ್ನೆ: ನಾನು ಬ್ರಿಟನ್ನಿನ ಒಂದು ಕಂಪೆನಿಯಲ್ಲಿ ಕಸ್ಟಮರ್ ಸರ್ವೀಸ್ ಕೆಲಸದಲ್ಲಿದ್ದೇನೆ. ಅಮ್ಮನಿಗೆ ಹುಷಾರಿಲ್ಲದ ಕಾರಣ ಕೆಲವು ತಿಂಗಳು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡಬೇಕು. ಕಂಪೆನಿ ಒಪ್ಪಿದೆ. ಇಡೀ ದಿನ ಇಂಟರ್‌ನೆಟ್ ಕಾಲ್‌ಗಳೇ. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಉಂಟು. ಆದರೂ ತಮ್ಮನ ವಾಟ್ಸಾಪ್ ಕಾಲ್ ಆಗಾಗ ಕಡಿಯುತ್ತದೆ. ಊರಿಂದ ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಬದಿಯಡ್ಕದಿಂದ: ಖಂಡಿತ ಮಾಡಬಹುದು. ನಾನು ಮಾಡ್ತಾ ಇದ್ದೇನೆ. ಆದರೆ ಆ 100 ಎಂಬಿಪಿಎಸ್ ಲೆಕ್ಕ ಮೊದಲು ಬಿಟ್ಟುಬಿಡಿ. ಒಂದು ವಾಯ್ಸ್ ಕಾಲ್‌ಗೆ 100 ಕೆಬಿಪಿಎಸ್ ಸಿಕ್ಕಿದರೆ ಧಾರಾಳ. ಮಾತು ಕೆಡುವುದು ವೇಗ ಸಾಲದೆ ಅಲ್ಲ. ಪ್ಯಾಕೆಟ್‌ಗಳು, ಅಂದರೆ ಮಾತನ್ನು ಹೊತ್ತು ಹೋಗುವ ಸಣ್ಣ ಸಣ್ಣ ಕಟ್ಟುಗಳು, ಒಂದು ಬೇಗ, ಇನ್ನೊಂದು ತಡವಾಗಿ ಬರುವುದರಿಂದ, ಇಲ್ಲಾ ದಾರಿಯಲ್ಲೇ ಕಳೆದುಹೋಗುವುದರಿಂದ. ಬೇಗ, ತಡದ ಈ ಏರುಪೇರಿಗೆ ಜಿಟರ್ ಅಂತಾರೆ. ಅದು 30 ಮಿಲಿಸೆಕೆಂಡ್ ಒಳಗೆ, ಪ್ಯಾಕೆಟ್ ನಷ್ಟ ಶೇಕಡ 1ರ ಒಳಗೆ ಇದ್ದರೆ ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ. ಇನ್ನು ದೂರದ ವಿಷಯ. ಮಾತು ಇಲ್ಲಿಂದ ಅಲ್ಲಿಗೆ ಮುಟ್ಟಲು 150 ಮಿಲಿಸೆಕೆಂಡ್ ತನಕ ತೊಂದರೆ ಇಲ್ಲ ಎಂದು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಹೇಳುತ್ತದೆ. ಲಂಡನ್ನಿಗೆ ಹೋಗಿ ಬರಲು ಒಟ್ಟು 150ರ ಆಸುಪಾಸು ಬಂದರೆ ಲೈನ್ ಒಳ್ಳೆಯದಿದೆ ಅಂತಲೇ ಲೆಕ್ಕ.

ವೈಫೈ ಬೇಡವೇ ಬೇಡ. ನಮ್ಮ ಮುರಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೋತು ಹೋಗುತ್ತದೆ. ರೌಟರ್‌ನಿಂದ ಮೇಜಿನ ತನಕ ಲ್ಯಾನ್ ಕೇಬಲ್ ಎಳೆಸಿ. ಹೆಡ್‌ಸೆಟ್ ಕೂಡ ಯುಎಸ್‌ಬಿ ವಯರಿನದೇ ಇರಲಿ.

ಜಾಸ್ತಿ ಜನ ಗಮನಿಸದ ಒಂದು ವಿಷಯ ಅಪ್‌ಲೋಡ್. ನಮ್ಮ ಮನೆಯಲ್ಲಿ ಒಂದು ಸಂಜೆ ಎಲ್ಲರೂ ಮದುವೆ ಮುಗಿಸಿ ಬಂದರು. ಫೋನ್‌ಗಳು ವೈಫೈ ಹಿಡಿದದ್ದೇ ತಡ, ಫೋಟೋ, ವಿಡಿಯೋ ಎಲ್ಲ ಬ್ಯಾಕಪ್ ಆಗಲು ಶುರು. ಗ್ರಾಹಕರ ಮಾತು ನನಗೆ ಸ್ಪಷ್ಟ ಕೇಳುತ್ತಿತ್ತು. ನನ್ನ ಮಾತು ಮಾತ್ರ ಅವರಿಗೆ ತುಂಡು ತುಂಡು. ಹೀಗೆ ನಿಮ್ಮ ಕಡೆಯ ಧ್ವನಿ ಮಾತ್ರ ಕೆಟ್ಟರೆ ಮೊದಲು ಮನೆಯ ಅಪ್‌ಲೋಡ್ ನೋಡಿ. ರೌಟರ್‌ನಲ್ಲಿ ಕ್ಯೂಓಎಸ್ (ಯಾವುದಕ್ಕೆ ಮೊದಲು ದಾರಿ ಬಿಡಬೇಕೆಂದು ಹೇಳುವ ಸೆಟ್ಟಿಂಗ್) ಇದ್ದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಮೊದಲ ಸ್ಥಾನ ಕೊಡಿ. ಫೋನ್‌ಗಳ ಬ್ಯಾಕಪ್ ರಾತ್ರಿ 11ರ ಮೇಲೆ ಸಾಕು. ಕಾಲ್ ಸೇರುತ್ತದೆ, ಆದರೆ ಒಂದು ಕಡೆಯ ಧ್ವನಿ ಬರುವುದೇ ಇಲ್ಲ ಅಂತಾದರೆ ಅದು ಬೇರೆ ಕಾಯಿಲೆ. ರೌಟರ್‌ನಲ್ಲಿ ಎಸ್‌ಐಪಿ ಎಎಲ್‌ಜಿ ಎಂಬ, ಇಂಟರ್‌ನೆಟ್ ಕಾಲ್‌ಗಳ ನಡುವೆ ಕೈ ಹಾಕುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ ನೋಡಿ.

ಮುಳ್ಳೇರಿಯದಿಂದ: ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಮ್ಮ ಕಡೆ ದೊಡ್ಡ ಉಪದ್ರ ಗುಡುಗು ಮತ್ತು ಕರೆಂಟಿನದು. ಬ್ರಿಟನ್ನಿನ 9ರಿಂದ 5 ಅಂದರೆ ಬೇಸಗೆಯಲ್ಲಿ ನಮಗೆ ಮಧ್ಯಾಹ್ನ 1.30ರಿಂದ ರಾತ್ರಿ 9.30. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಿಟ್ಟ ಮೇಲೆ 2.30ರಿಂದ 10.30. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಇಲ್ಲಿ ಸಿಡಿಲು ಹೊಡೆಯುವುದೂ ಹೆಚ್ಚಾಗಿ ಅದೇ ಹೊತ್ತಿಗೆ, ಅಲ್ವಾ?

ಮನೆಯಲ್ಲಿ ಇನ್ವರ್ಟರ್ ಉಂಟು, ಸಾಕು ಅಂದುಕೊಳ್ಳಬೇಡಿ. ಕರೆಂಟ್ ಹೋದ ಆ ಕ್ಷಣದಲ್ಲಿ ಕೆಲವು ರೌಟರ್ ಆಫ್ ಆಗಿ ಆನ್ ಆಗುತ್ತವೆ. ಮತ್ತೆ ಲೈನ್ ಹಿಡಿಯುವಾಗ ಎರಡು ಮೂರು ನಿಮಿಷ. ಅಷ್ಟರಲ್ಲಿ ಗ್ರಾಹಕರು ಫೋನ್ ಇಟ್ಟಾಯ್ತು. ರೌಟರ್‌ಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಸಿ. ಗುಡುಗು ಕೇಳಿಸಿದ ಕೂಡಲೇ ಅದರ ಪ್ಲಗ್ಗನ್ನೂ ಲ್ಯಾಪ್‌ಟಾಪ್ ಚಾರ್ಜರನ್ನೂ ಗೋಡೆಯಿಂದ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಹೊರಗಿನ ಕೇಬಲಿಗೆ ಆಧಾರಕ್ಕೆ ಕೆಲವೊಮ್ಮೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯೊಳಗೆ ತರದೆ ಹೊರಗೇ ಕತ್ತರಿಸಿ ಕಟ್ಟಲು ಕೇಬಲ್‌ನವರಿಗೆ ಹೇಳಿ.

ಗಾಳಿ ಮಳೆಗೆ ತೋಟದಲ್ಲಿ ಅಡಿಕೆ ಮರ ಬಿದ್ದರೆ ಕೇಬಲೂ ಹೋಗುತ್ತದೆ. ಫೈಬರಿನ ಡಬ್ಬಿಯಲ್ಲಿ ಎಲ್‌ಓಎಸ್ (ಸಿಗ್ನಲ್ ಬರುತ್ತಿಲ್ಲ ಎಂದು ತೋರಿಸುವ) ಲೈಟ್ ಕೆಂಪಾಗಿ ಮಿಣುಕಿದರೆ ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಕೂರಬೇಡಿ, ನೇರ ಲೈನ್‌ಮ್ಯಾನ್‌ಗೆ ಫೋನ್ ಮಾಡಿ.

ಮಂಜೇಶ್ವರದಿಂದ: ಫೈಬರ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಬೇಕೇ ಬೇಕು. ಫೈಬರ್ ಯಾರದ್ದೋ, ಸಿಮ್ ಬೇರೆ ಕಂಪೆನಿಯದು ಇರಲಿ. ತಲಪಾಡಿ ಕಡೆಯ ನಮಗೆ ಇನ್ನೊಂದು ಕಷ್ಟ: ಫೋನ್ ಒಮ್ಮೆ ಕೇರಳದ ಟವರ್ ಹಿಡಿಯುತ್ತದೆ, ಒಮ್ಮೆ ಕರ್ನಾಟಕದ್ದು. ಪೆರ್ಲವೂ ಗಡಿಯ ಹತ್ತಿರವೇ. ಮನೆಯ ಯಾವ ಕಿಟಕಿಯಲ್ಲಿ ಒಂದೇ ಟವರ್ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಮೊದಲೇ ನೋಡಿಡಿ.

ವಿಪಿಎನ್, ಅಂದರೆ ಕಂಪೆನಿಯ ನೆಟ್‌ವರ್ಕಿಗೆ ಹೋಗುವ ಗುಪ್ತ ದಾರಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಐಟಿ ವಿಭಾಗದವರ ಹತ್ತಿರ ಮೂರು ವಿಷಯ ಈಗಲೇ ಕೇಳಿ. ಭಾರತದಿಂದ ಲಾಗಿನ್ ಆಗಲು ಬಿಡುತ್ತಾರಾ? ಕಾಲ್‌ನ ಧ್ವನಿಯೂ ವಿಪಿಎನ್ ಒಳಗೇ ಹೋಗಬೇಕಾ? ಹೋಗಬೇಕಾದರೆ ಅದು ಯುಡಿಪಿ ಮೇಲಾ, ಟಿಸಿಪಿ ಮೇಲಾ (ಪ್ಯಾಕೆಟ್ ಕಳಿಸುವ ಎರಡು ಕ್ರಮಗಳು)? ಟಿಸಿಪಿ ಆದರೆ ಕಳೆದುಹೋದ ಒಂದು ಪ್ಯಾಕೆಟ್ಟಿಗಾಗಿ ಅದರ ಹಿಂದೆ ಬರುವವೆಲ್ಲ ಕಾಯುತ್ತವೆ, ಮಾತು ನಿಂತು ನಿಂತು ಬರುತ್ತದೆ. ಕೆಲವೊಮ್ಮೆ ತಪ್ಪು ಮನೆಯದೂ ಅಲ್ಲ, ಕಂಪೆನಿಯದೂ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಇಂಟರ್‌ನೆಟ್ ಕೇಬಲ್‌ಗಳು ತುಂಡಾಗಿ ಭಾರತದ ತನಕ ಇಂಟರ್‌ನೆಟ್ ನಿಧಾನವಾಗಿತ್ತು. ಅಂಥ ದಿನಗಳಿಗೆ ಚಾಟ್ ಅಥವಾ ಇಮೇಲ್ ಕೆಲಸ ಕೊಡುತ್ತಾರಾ ಎಂದು ಮ್ಯಾನೇಜರ್ ಹತ್ತಿರ ಮಾತಾಡಿಡಿ.

ಬದಿಯಡ್ಕದಿಂದ: ಹೊರಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಾಲ್ ಸರ್ವರ್ ಯಾವ ಊರಲ್ಲಿದೆ ಎಂದು ಕೇಳಿಕೊಂಡು, ತಮ್ಮನ ಹತ್ತಿರ ಅದೇ ಊರಿನ ಯಾವುದಾದರೂ ಸರ್ವರ್‌ಗೆ ಪಿಂಗ್ (ಪ್ಯಾಕೆಟ್ ಹೋಗಿ ಬರಲು ಎಷ್ಟು ಹೊತ್ತು ಎಂದು ನೋಡುವ ಪರೀಕ್ಷೆ) ಹಾಕಿಸಿ. ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ 8ಕ್ಕೆ, ಲ್ಯಾನ್ ಕೇಬಲ್ ಸಿಕ್ಕಿಸಿಯೇ. ಸರಾಸರಿ ಮಾತ್ರ ಸಾಲದು, ಅತಿ ಹೆಚ್ಚಿನದು ಎಷ್ಟು, ಎಷ್ಟು ಕಳೆದುಹೋಯಿತು ಎಂಬುದೂ ಬೇಕು. ಅದನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡುವ.