ಮೂಳೆ ಸಾಂದ್ರತೆ ಪರೀಕ್ಷೆ: ಶಿವಮೊಗ್ಗಕ್ಕೆ ಹೋಗಲೋ ಬೇಡವೋ?

ಸಾಗರದವಳು:
ನನಗೆ 52 ವರ್ಷ. ಸಾಗರದ ಹತ್ತಿರ ಹಳ್ಳಿ. 41ಕ್ಕೇ ಗರ್ಭಕೋಶ ತೆಗೆಸಿದ್ದೇನೆ. ಗಡ್ಡೆ ಇತ್ತು, ಜೊತೆಗೆ ಎರಡೂ ಅಂಡಾಶಯ ತೆಗೆದರು. ಆಮೇಲೆ ಮೂಳೆ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ತಿಂಗಳು ಕಲ್ಯಾಣ ಮಂಟಪದಲ್ಲಿ ಉಚಿತ ಮೂಳೆ ತಪಾಸಣೆ ಅಂತ ಶಿಬಿರ ಮಾಡಿದರು. ನಾನೂ ಸಾಲಿನಲ್ಲಿ ನಿಂತೆ. ತೂಕದ ಮಷೀನಿನಷ್ಟು ದೊಡ್ಡ ಪೆಟ್ಟಿಗೆ. ಹಿಮ್ಮಡಿಗೆ ತಣ್ಣಗಿನ ಜೆಲ್ ಸವರಿ ಕಾಲು ಒಳಗಿಡಿ ಅಂದರು. ಬಸ್ ಟಿಕೆಟ್ ಥರದ ಚೀಟಿ ಹೊರಗೆ ಬಂತು: ಮೈನಸ್ 2.7. ಹುಡುಗ ನನ್ನ ಮುಖವನ್ನೂ ನೋಡದೆ "ಆಸ್ಟಿಯೋಪೊರೋಸಿಸ್ ಆಂಟಿ" ಅಂದ. ಮೂಳೆ ಟೊಳ್ಳಾಗುವ ರೋಗವಂತೆ. ಪಕ್ಕದ ಮೇಜಿನಲ್ಲಿ ಮೂರು ತಿಂಗಳ ಮಾತ್ರೆ, 1,800 ರೂಪಾಯಿ. ನಾನು ತಗೊಳ್ಳಲಿಲ್ಲ. ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆಯವಳಿಗೆ 2.6, ಅವಳ ಓರಗಿತ್ತಿಗೆ 2.9. ಇಡೀ ಊರಿಗೇ ಒಂದೇ ಕಾಯಿಲೆಯಾ?

ಆದರೂ ತಲೆಗೆ ಹುಳ ಬಿಟ್ಟ ಹಾಗಾಗಿದೆ. ಕಾರಣ ಅಮ್ಮ. ಅವರಿಗೆ 78. ಎರಡು ವರ್ಷದ ಹಿಂದೆ ಬಚ್ಚಲಿನಿಂದ ಬರುವಾಗ ಹೊಸ್ತಿಲು ಎಡವಿ ಕೂತುಬಿಟ್ಟರು, ಅಷ್ಟೇ. ತೊಡೆಮೂಳೆ ಸೊಂಟದ ಹತ್ತಿರ ಮುರಿಯಿತು. ರಾಡ್ ಹಾಕಿದರು. ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ಬರುತ್ತಾರೆ.

ಶಿವಮೊಗ್ಗದಲ್ಲಿ ಡೆಕ್ಸಾ ಸ್ಕ್ಯಾನ್, ಅಂದರೆ ಎಕ್ಸ್‌ರೇಯಿಂದ ಮೂಳೆ ಸಾಂದ್ರತೆ ಅಳೆಯುವ ಪರೀಕ್ಷೆ, ವಿಚಾರಿಸಿದೆ. 2,500 ಅಂದರು. ಮನೆಯವರು "ರಾಗಿ ಅಂಬಲಿ ಕುಡಿ, ಬಿಸಿಲಿಗೆ ನಿಲ್ಲು, ಸುಮ್ನೆ ದುಡ್ಡು ಯಾಕೆ" ಅನ್ನುತ್ತಾರೆ. ಮಳೆಗಾಲದಲ್ಲಿ ನಮ್ಮೂರಿಗೆ ಬಿಸಿಲು ಎಲ್ಲಿಂದ ತರಲಿ? ಮಾಡಿಸಲಾ, ಬಿಡಲಾ?

ಎಕ್ಸ್‌ರೇ ರೂಮಿನವನು, ಹುಬ್ಬಳ್ಳಿ:
ಅಕ್ಕಾರ, ನಾನು ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆ ಚೀಟಿ ನೋಡಿ ಹೆದರಬೇಡಿ. ಹಿಮ್ಮಡಿಗೆ ಇಡುವುದು ಅಲ್ಟ್ರಾಸೌಂಡ್. ಈ ಅಂಕಿ ಅಂದರೆ ಆರೋಗ್ಯವಂತ ಯುವತಿಯರ ಮೂಳೆಗಿಂತ ನಿಮ್ಮದು ಎಷ್ಟು ಕಡಿಮೆ ಅನ್ನೋ ಲೆಕ್ಕ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ರೋಗ ಅನ್ನೋ ಗೆರೆ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ್ದು. ಅದನ್ನು ಹಿಮ್ಮಡಿ ಮಷೀನಿನ ಅಂಕಿಗೆ ಹಚ್ಚಿ ರೋಗ ಇದೆ ಅನ್ನೋದು ತಪ್ಪು. ಅದಕ್ಕೆ ಸೊಂಟ ಮತ್ತು ಬೆನ್ನಿನ ಡೆಕ್ಸಾ ಬೇಕು.

ಆದರೆ ಚೀಟಿ ಹರಿದು ಹಾಕಿದರೂ ನಿಮ್ಮ ಕಾರಣಗಳು ಉಳಿಯುತ್ತವೆ. 41ಕ್ಕೇ ಅಂಡಾಶಯ ಹೋಗಿ ಮೂಳೆ ಕಾಯುವ ಹಾರ್ಮೋನು ಕಡಿಮೆಯಾಗಿದೆ, ತಾಯಿಗೆ ಸೊಂಟದ ಮೂಳೆ ಮುರಿದಿದೆ. ಇಂಥ ತೊಂದರೆ ಇಲ್ಲದ ಹೆಂಗಸರಿಗೆ ಸಾಮಾನ್ಯವಾಗಿ 65ರ ನಂತರ ಮಾಡಿಸಿ ಅನ್ನುತ್ತಾರೆ. ನಿಮ್ಮಂಥವರಿಗೆ ಅಲ್ಲಿಯವರೆಗೆ ಕಾಯಿಸೋದಿಲ್ಲ.

ಪರೀಕ್ಷೆಯಲ್ಲಿ ನೋವಿಲ್ಲ, ಸುರಂಗದೊಳಗೆ ಹೋಗುವುದಿಲ್ಲ. ಅಂಗಾತ ಮಲಗಬೇಕು, ಕಾಲ ಕೆಳಗೆ ಒಂದು ದಿಂಬಿನಂಥದ್ದು ಇಡುತ್ತೇವೆ. ಹತ್ತು ಹದಿನೈದು ನಿಮಿಷ. ರೇಡಿಯೇಷನ್ ಬಹಳ ಕಡಿಮೆ. ಹಿಂದಿನ ದಿನ ಕ್ಯಾಲ್ಸಿಯಂ ಮಾತ್ರೆ ಬೇಡ. ಹುಕ್ಕು, ಜಿಪ್ಪು, ಡಾಬು ಯಾವುದೂ ಇರಬಾರದು. ಸೊಂಟ, ಬೆನ್ನು ಎರಡೂ ಮಾಡಿಸಿ. ವಯಸ್ಸಾದ ಬೆನ್ನಿನಲ್ಲಿ ಸವೆತ ಇದ್ದರೆ ಅಲ್ಲಿನ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮುಂದೆ ಮತ್ತೆ ಮಾಡಿಸಿದರೆ ಅದೇ ಮಷೀನಿನಲ್ಲೇ ಮಾಡಿಸಿ.

ತೋಟದ ಮನೆ:
ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ನಮ್ಮ ಅತ್ತೆಗೆ ಮೂರು ಸಲ ಡೆಕ್ಸಾ ಆಯಿತು. ಮೂರು ಸಲವೂ ಮಾತ್ರೆ ಬರೆದರು, ಮೂರು ಸಲವೂ ಅವರು ನುಂಗಲಿಲ್ಲ. ಔಷಧಿ ತಗೊಳ್ಳೋದೇ ಇಲ್ಲ ಅಂತಿದ್ದರೆ ಪರೀಕ್ಷೆಗೆ ದುಡ್ಡು ಹಾಕುವ ಬದಲು ಬಚ್ಚಲ ಪಾಚಿ ಉಜ್ಜಿಸಿ, ಗೋಡೆಗೆ ಹಿಡಿಕೆ ಹಾಕಿಸಿ. ಆ ಹೊಸ್ತಿಲಿಗೂ ಏನಾದರೂ ಮಾಡಿ.

ರಾಗಿ ಒಳ್ಳೆಯದೇ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಆದರೆ ಒಂದು ಲೋಟ ಅಂಬಲಿಗೆ ಹಾಕುವುದು ಎರಡು ಚಮಚ ಹಿಟ್ಟು, ಅಲ್ವಾ?

ಭಾನುವಾರದ ಕಾಫಿ:
ನನಗೆ 58, ಮಂಗಳೂರು. ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ತಗೊಂಡವಳು. ಡೆಕ್ಸಾದಲ್ಲಿ ಸೊಂಟ ಮೈನಸ್ 2.6 ಬಂತು. ವಾರಕ್ಕೊಂದು ಮಾತ್ರೆ, ಪ್ರತಿ ಭಾನುವಾರ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ದೊಡ್ಡ ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಏನೂ ತಿನ್ನುವ ಹಾಗಿಲ್ಲ. ಮಾತ್ರೆ ಅನ್ನನಾಳಕ್ಕೆ ಅಂಟಿದರೆ ಸುಡುತ್ತದಂತೆ. ಒಳಗೆ ಗಂಡ ಡಿಕಾಕ್ಷನ್ ಇಳಿಸುತ್ತಿರುತ್ತಾರೆ, ನಾನು ಜಗಲಿಯಲ್ಲಿ ಕೂತು ಗಡಿಯಾರ ನೋಡುವುದು. ಮಾತ್ರೆಗಿಂತ ಆ ಅರ್ಧ ಗಂಟೆಯೇ ಕಷ್ಟ ಮಾರಾಯ್ರೆ.

ನೀವು ಮಾಡಿಸಿ. ಆದರೆ ನನಗೆ ನಿಮ್ಮದಕ್ಕಿಂತ ನಿಮ್ಮ ಅಮ್ಮನ ಚಿಂತೆ ಜಾಸ್ತಿ ಆಯಿತು. ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿಯಿತು ಅಂದರೆ, ಆ ವಯಸ್ಸಿಗೆ ಅದೇ ರೋಗದ ಗುರುತು, ಔಷಧಿ ಶುರು ಮಾಡೋಕೆ ಸ್ಕ್ಯಾನ್ ಅಂಕಿಗೆ ಕಾಯಬೇಕಿಲ್ಲ ಅಂತ ನಮ್ಮ ಡಾಕ್ಟರ್ ಹೇಳಿದ್ದರು. ರಾಡ್ ಹಾಕಿದ್ದು ಮುರಿದ ಜಾಗಕ್ಕೆ. ಮಿಕ್ಕ ಮೂಳೆಗೆ ಏನು ಕೊಡುತ್ತಿದ್ದಾರೆ? ಅಮ್ಮ ಮೊದಲಿಗಿಂತ ಗಿಡ್ಡ ಆಗಿದ್ದಾರಾ?

ಸಾಗರದವಳು:
ನಿಮ್ಮ ಪ್ರಶ್ನೆ ಓದಿ ಬೀರುವಿನಿಂದ ಅಮ್ಮನ ಫೈಲ್ ತೆಗೆದೆ. ಡಿಸ್ಚಾರ್ಜ್ ಚೀಟಿಯಲ್ಲಿ ನೋವಿನ ಮಾತ್ರೆ ಹತ್ತು ದಿನ, ಕ್ಯಾಲ್ಸಿಯಂ ಒಂದು ತಿಂಗಳು. ಅಷ್ಟೇ. ಎರಡು ವರ್ಷದಿಂದ ಏನೂ ಇಲ್ಲ. ಹೊಲಿಗೆ ಬಿಚ್ಚಿದ ಮೇಲೆ ಮುಗಿಯಿತು ಅಂದುಕೊಂಡಿದ್ದೆವು.

ಗಿಡ್ಡ ಆಗಿದ್ದಾರೆ. ಅವರೇ ಜೋಡಿಸಿದ ಕಾಫಿಪುಡಿ ಡಬ್ಬಿಯ ಗೂಡು ಅವರಿಗೆ ಎಟುಕುತ್ತಿರಲಿಲ್ಲ. ಬೀಳುವ ಮೊದಲಿನ ಮಾತಿದು. ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸಿದವಳು ನಾನೇ. ವಯಸ್ಸಾಯಿತಲ್ಲ ಅಂದುಕೊಂಡೆ.

ಎಕ್ಸ್‌ರೇ ರೂಮಿನವನು, ಹುಬ್ಬಳ್ಳಿ:
ಹಾಗಾದರೆ ಡಾಕ್ಟರಿಗೆ ಅದನ್ನೂ ಹೇಳಿ, ಬೆನ್ನಿನ ಪಕ್ಕದಿಂದ ಒಂದು ಎಕ್ಸ್‌ರೇ ಬೇಕಾ ಅಂತ ಕೇಳಿ. ಬೆನ್ನುಮೂಳೆ ಕುಸಿದು ಗಿಡ್ಡ ಆದರೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಬರೀ ಬೆನ್ನು ನೋವು ಅಂದುಕೊಂಡಿರುತ್ತಾರೆ.

ಭಾನುವಾರದ ಕಾಫಿ:
ಅಮ್ಮನಿಗೆ ಅರ್ಧ ಗಂಟೆ ನೆಟ್ಟಗೆ ಕೂರಲು ಕಷ್ಟ ಆದರೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಇಂಜೆಕ್ಷನ್ ಇದೆ, ಕೇಳಿ. ಅದಕ್ಕೂ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ರಕ್ತಪರೀಕ್ಷೆ ಮಾಡುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವುದೂ ಒಂದಿದೆ. ಅದನ್ನು ಶುರು ಮಾಡಿದರೆ ಮನಸ್ಸಿಗೆ ಬಂದಾಗ ಬಿಡಬಾರದು, ಬಿಟ್ಟರೆ ಬೆನ್ನುಮೂಳೆ ಮುರಿಯುವ ಭಯ ಇದೆ.

ಸಾಗರದವಳು:
ಗುರುವಾರಕ್ಕೆ ಕಾರು ಹೇಳಿದ್ದೇನೆ. ಅಮ್ಮನನ್ನು ಡಾಕ್ಟರಿಗೆ ತೋರಿಸುವುದು, ನನ್ನದು ಸ್ಕ್ಯಾನ್. 2.9ರವಳೂ ಬರುತ್ತೇನೆ ಅಂದಿದ್ದಾಳೆ, ಬಾಡಿಗೆಯಲ್ಲಿ ಪಾಲು ಕೊಡುತ್ತಾಳೆ. ಅಮ್ಮ ಮಾತ್ರ "ನನಗೆ ಇನ್ನೆಂಥಾ ಮೂಳೆ, ನೀನು ಹೋಗಿ ಬಾ" ಅನ್ನುತ್ತಿದ್ದಾರೆ. ಶಿವಮೊಗ್ಗದಲ್ಲಿ ಮಸಾಲೆ ದೋಸೆ ಕೊಡಿಸುತ್ತೇನೆ ಅಂದೆ, ಆಗ ಯಾವ ಸೀರೆ ಉಡಲಿ ಅಂತ ಕೇಳಿದರು.

ಹುಬ್ಬಳ್ಳಿಯವರೇ, ಹುಕ್ಕಿಲ್ಲದ ರವಿಕೆ ನಾನೆಲ್ಲಿಂದ ತರಲಿ?

ಎಕ್ಸ್‌ರೇ ರೂಮಿನವನು, ಹುಬ್ಬಳ್ಳಿ:
ಗೌನ್ ಕೊಡುತ್ತಾರೆ ಅಕ್ಕಾರ, ಅಲ್ಲೇ ಬದಲಿಸಬಹುದು. ಸೇಫ್ಟಿ ಪಿನ್ ಮಾತ್ರ ಮರೆಯದೆ ತೆಗೆಯಿರಿ. ಎಲ್ಲರೂ ಮರೆಯೋದು ಅದನ್ನೇ.